ಹಳೆಯ ಜೀಪ್ ಹಾಗೂ ಜಿಪ್ಸಿ ವಾಹನಗಳ ಖರೀದಿ: ತುಕ್ಕಿನ ಪರಿಶೀಲನೆ ಮತ್ತು ದಾಖಲೆಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ರಾಜ್ಯದ ಮಲೆನಾಡು, ಕೊಡಗು ಹಾಗೂ ಕರಾವಳಿ ಜಿಲ್ಲೆಗಳಲ್ಲಿ ನಾಲ್ಕು ಚಕ್ರ ಚಾಲನೆಯ ಹಳೆಯ ಜೀಪ್ ಮತ್ತು ಜಿಪ್ಸಿ ವಾಹನಗಳು ಇಂದಿಗೂ ಬಳಕೆಯಲ್ಲಿವೆ. ಕಾಫಿ ಹಾಗೂ ಅಡಿಕೆ ತೋಟಗಳ ಕಡಿದಾದ ಮಣ್ಣಿನ ದಾರಿಗಳಲ್ಲಿ ಕಾರ್ಮಿಕರನ್ನೂ ಸರಕನ್ನೂ ಸಾಗಿಸಲು ಇವುಗಳನ್ನು ಉಪಯೋಗಿಸಲಾಗುತ್ತದೆ. ಹಳೆಯ ವಾಹನಗಳ ಮೇಲಿನ ಅಭಿಮಾನದಿಂದ ಇವುಗಳನ್ನು ಕೊಂಡು ದುರಸ್ತಿ ಮಾಡಿಸುವವರೂ ಇದ್ದಾರೆ.

ಇಂತಹ ವಾಹನಗಳ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯನ್ನು ಬಿಚ್ಚಿ ಸರಿಪಡಿಸಬಹುದು. ಆದರೆ ಚಾಸಿಸ್ ಒಳಗಿನಿಂದ ತುಕ್ಕು ಹಿಡಿದಿದ್ದಲ್ಲಿ ದುರಸ್ತಿಯ ವೆಚ್ಚವು ಖರೀದಿಯ ಬೆಲೆಯನ್ನೂ ಮೀರುವ ಸಂಭವವಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ತುಕ್ಕು ಹಿಡಿದ ಬ್ರೇಕ್ ಕೊಳವೆ ಅಥವಾ ಸ್ಪ್ರಿಂಗ್ ಆಧಾರವು ಘಟ್ಟದ ಇಳಿಜಾರಿನಲ್ಲಿ ತುಂಡಾದಲ್ಲಿ ವಾಹನದಲ್ಲಿರುವವರ ಪ್ರಾಣಕ್ಕೆ ಅಪಾಯ ಒದಗುತ್ತದೆ. ಈ ಹಿನ್ನೆಲೆಯಲ್ಲಿ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಸಾಮಾನ್ಯವಾಗಿ ಮಾರಾಟಕ್ಕೆ ಬರುವ ವಾಹನಗಳು

ಮಹೀಂದ್ರ ಜೀಪ್: ಅಮೆರಿಕದ ವಿಲ್ಲೀಸ್ ಜೀಪ್‌ಗಳನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. ಮುಂದೆ ಸಿಜೆ 3ಬಿ ಮಾದರಿಯು ದೀರ್ಘಕಾಲ ತಯಾರಾಯಿತು. 1980ರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ ಹೊಂದಿದ ಎಂಎಂ 540 ಮಾದರಿಯು ಬಂದಿತು. ಹಳೆಯ ಪೆಟ್ರೋಲ್ ಜೀಪ್‌ಗಳಲ್ಲಿ ಇಂಧನದ ಟ್ಯಾಂಕ್ ಚಾಲಕನ ಆಸನದ ಕೆಳಗಿರುತ್ತದೆ.

ಮಾರುತಿ ಜಿಪ್ಸಿ: ಸುಜುಕಿ ಎಸ್‌ಜೆ 410 ವಾಹನವನ್ನು ಆಧರಿಸಿದ ಜಿಪ್ಸಿಯು 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿತು. ಆರಂಭದಲ್ಲಿ 970 ಸಿ.ಸಿ. ಎಂಜಿನ್ ಇದ್ದು, 1996ರಲ್ಲಿ 1298 ಸಿ.ಸಿ. ಎಂಜಿನ್ ಅಳವಡಿಸಲಾಯಿತು. ಸಾರ್ವಜನಿಕರಿಗೆ ಹೊಸ ಜಿಪ್ಸಿಗಳ ಮಾರಾಟವು 2019ರ ವೇಳೆಗೆ ನಿಂತುಹೋಯಿತು. ಆದುದರಿಂದ ಈಗ ದೊರೆಯುವ ಜಿಪ್ಸಿಗಳೆಲ್ಲವೂ ಬಳಸಿದ ವಾಹನಗಳೇ ಆಗಿರುತ್ತವೆ.

ಜೋಂಗಾ: ನಿಸ್ಸಾನ್ ಪೆಟ್ರೋಲ್ ಸರಣಿಯ ವಿನ್ಯಾಸವನ್ನು ಆಧರಿಸಿ ಜಬಲ್ಪುರದ ವಾಹನ ಕಾರ್ಖಾನೆಯಲ್ಲಿ ಸೇನೆಗಾಗಿ ತಯಾರಾದ ಈ ವಾಹನಗಳು ಸೇನಾ ಹರಾಜಿನ ಮೂಲಕ ಖಾಸಗಿಯವರ ಕೈಗೆ ಬಂದಿವೆ.

ಈ ಮೂರೂ ಬಗೆಯ ವಾಹನಗಳಲ್ಲಿ ಪ್ರತ್ಯೇಕ ಉಕ್ಕಿನ ಚಾಸಿಸ್ ಇದ್ದು, ಅದರ ಮೇಲೆ ಬಾಡಿಯನ್ನು ಬೋಲ್ಟ್‌ಗಳಿಂದ ಬಿಗಿಯಲಾಗಿರುತ್ತದೆ. ಬಾಡಿಯ ತಗಡನ್ನು ಬದಲಿಸುವುದು ಸುಲಭ; ಚಾಸಿಸ್ ಕೆಟ್ಟಿದ್ದಲ್ಲಿ ಅದನ್ನು ಸರಿಪಡಿಸುವುದು ಕಷ್ಟ. ಆದುದರಿಂದ ಪರಿಶೀಲನೆಯನ್ನು ಕೆಳಗಿನಿಂದ ಮೇಲಕ್ಕೆ ನಡೆಸುವುದು ಸೂಕ್ತ.

3. ತುಕ್ಕು ಹಿಡಿಯಲು ಕಾರಣಗಳು

ಕಬ್ಬಿಣವು ನೀರು ಹಾಗೂ ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ತುಕ್ಕು ಉಂಟಾಗುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಬಣ್ಣವು ಗುಳ್ಳೆಯಂತೆ ಉಬ್ಬುತ್ತದೆ ಮತ್ತು ಜೋಡಿಸಿದ ತಗಡುಗಳು ಬೇರ್ಪಡುತ್ತವೆ. ನೀರಿನಲ್ಲಿ ಉಪ್ಪು ಬೆರೆತಿದ್ದಲ್ಲಿ ಈ ಕ್ರಿಯೆಯು ವೇಗವಾಗಿ ನಡೆಯುತ್ತದೆ. ರಾಜ್ಯದ ಪರಿಸ್ಥಿತಿಯಲ್ಲಿ ಕೆಳಕಂಡ ಕಾರಣಗಳು ಮುಖ್ಯವಾದವು.

(ಅ) ಮಳೆ: ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆಯು 7,000 ಮಿ.ಮೀ.ಗಿಂತ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ವಾಹನದ ತಳಭಾಗಕ್ಕೆ ಮೆತ್ತಿದ ಕೆಸರು ಒಣಗಲು ಅವಕಾಶವೇ ಇರುವುದಿಲ್ಲ. ಒದ್ದೆಯಾದ ಕೆಸರು ಬರಿಯ ನೀರಿಗಿಂತ ಹೆಚ್ಚು ಕಾಲ ತೇವವನ್ನು ಹಿಡಿದಿಡುತ್ತದೆ.

(ಆ) ಕಡಲ ಗಾಳಿ: ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಸಮುದ್ರ ತೀರದಲ್ಲಿ ಗಾಳಿಯಲ್ಲಿಯೇ ಉಪ್ಪಿನ ಅಂಶವಿರುತ್ತದೆ. ಮೀನು ಸಾಗಿಸಿದ ವಾಹನಗಳಲ್ಲಿ ಮಂಜುಗಡ್ಡೆ ಕರಗಿದ ಉಪ್ಪುನೀರು ಹಿಂಭಾಗದ ನೆಲಹಾಸಿನ ಕೆಳಗೆ ಇಳಿದಿರುತ್ತದೆ.

(ಇ) ಗೊಬ್ಬರ ಮತ್ತು ಔಷಧಿ: ಪೊಟ್ಯಾಷ್ ಗೊಬ್ಬರವು ರಾಸಾಯನಿಕವಾಗಿ ಒಂದು ಬಗೆಯ ಉಪ್ಪೇ ಆಗಿದೆ. ಹರಿದ ಚೀಲದಿಂದ ಚೆಲ್ಲಿದ ಗೊಬ್ಬರವು ತೇವವನ್ನು ಹೀರಿ ತಗಡನ್ನು ತಿನ್ನುತ್ತದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸುವ ಗುಣ ಹೊಂದಿದೆ. ತೋಟದಲ್ಲಿ ದುಡಿದ ವಾಹನಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕಾಗುತ್ತದೆ.

(ಈ) ನಿಲುಗಡೆ: ವರ್ಷಗಟ್ಟಲೆ ಮರದಡಿಯಲ್ಲಿ ಅಥವಾ ಟಾರ್ಪಾಲಿನ್ ಹೊದಿಸಿ ನಿಲ್ಲಿಸಿದ ವಾಹನವು ಓಡಾಡುತ್ತಿದ್ದ ವಾಹನಕ್ಕಿಂತ ಹೆಚ್ಚು ಕೆಟ್ಟಿರಬಹುದು. ಗಾಳಿಯಾಡದ ಹೊದಿಕೆಯು ನೆಲದ ತೇವವನ್ನು ಒಳಗೇ ಹಿಡಿದಿಡುತ್ತದೆ. "ಕಡಿಮೆ ಓಡಿದೆ" ಎಂಬ ಮಾತು ವಾಹನದ ಉತ್ತಮ ಸ್ಥಿತಿಗೆ ಸಾಕ್ಷಿಯಾಗುವುದಿಲ್ಲ.

4. ಪರಿಶೀಲನೆಗೆ ಪೂರ್ವಸಿದ್ಧತೆ

ವಾಹನವನ್ನು ಹಗಲಿನಲ್ಲಿ, ಒಣ ಸ್ಥಿತಿಯಲ್ಲಿ ನೋಡತಕ್ಕದ್ದು. ಮಳೆಯಲ್ಲಿ ನೆನೆದ ಅಥವಾ ಆಗತಾನೆ ತೊಳೆದ ವಾಹನದಲ್ಲಿ ಬಣ್ಣದ ದೋಷಗಳು ಕಾಣುವುದಿಲ್ಲ. ಟಾರ್ಚ್, ಚಿಕ್ಕ ಸುತ್ತಿಗೆ, ಸ್ಕ್ರೂಡ್ರೈವರ್, ತೆಳುವಾದ ಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತ ಹಾಗೂ ಕೆಳಗೆ ಹಾಸಿಕೊಳ್ಳಲು ಗೋಣಿಚೀಲ ಇಷ್ಟಿದ್ದರೆ ಸಾಕು. ಸಾಧ್ಯವಾದಲ್ಲಿ ವಾಹನವನ್ನು ಸರ್ವೀಸ್ ಕೇಂದ್ರದ ರ‍್ಯಾಂಪ್ ಮೇಲೆ ಏರಿಸಿ ನೋಡುವುದು ಉತ್ತಮ. ಜಾಕ್ ಮಾತ್ರದ ಆಸರೆಯಲ್ಲಿ ನಿಂತ ವಾಹನದ ಕೆಳಗೆ ಯಾವುದೇ ಕಾರಣಕ್ಕೂ ಹೋಗಬಾರದು.

ತಳಭಾಗಕ್ಕೆ ಹೊಸದಾಗಿ ದಪ್ಪ ಕಪ್ಪು ಲೇಪನ ಬಳಿದಿದ್ದಲ್ಲಿ ಹೆಚ್ಚಿನ ಎಚ್ಚರ ವಹಿಸುವುದು ಅಗತ್ಯ. ತುಕ್ಕನ್ನು ತೆಗೆಯದೆ ಬಳಿದ ಟಾರು ಲೇಪನವು ದೋಷವನ್ನು ಮರೆಮಾಚುವುದಲ್ಲದೆ, ತೇವವನ್ನು ಒಳಗೆ ಬಂಧಿಸಿ ತುಕ್ಕನ್ನು ಹೆಚ್ಚಿಸುತ್ತದೆ.

5. ಪರಿಶೀಲಿಸಬೇಕಾದ ಭಾಗಗಳು

(ಅ) ಚಾಸಿಸ್: ಎರಡೂ ಉದ್ದನೆಯ ತೊಲೆಗಳನ್ನು ಮುಂದಿನಿಂದ ಹಿಂದಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಉಕ್ಕು ಸ್ಪಷ್ಟವಾದ ನಾದ ಕೊಡುತ್ತದೆ. ತುಕ್ಕು ಹಿಡಿದ ಭಾಗ ಮಂಕಾದ ಶಬ್ದ ಕೊಡುತ್ತದೆ. ಜಿಪ್ಸಿಯ ಚಾಸಿಸ್ ಪೆಟ್ಟಿಗೆಯಾಕಾರದ ಮುಚ್ಚಿದ ತೊಲೆಯಾಗಿರುವುದರಿಂದ ಒಳಗೆ ಸೇರಿದ ಕೆಸರು ಹೊರಬರುವುದಿಲ್ಲ ಮತ್ತು ತುಕ್ಕು ಒಳಗಿನಿಂದ ಹೊರಕ್ಕೆ ಬೆಳೆಯುತ್ತದೆ. ತೊಲೆಯಲ್ಲಿನ ರಂಧ್ರಗಳ ಮೂಲಕ ಟಾರ್ಚ್ ಬಿಟ್ಟು ನೋಡಬೇಕು. ಪದರ ಪದರವಾಗಿ ಉದುರುವ ಕಂದು ಚೂರುಗಳು ಕಂಡುಬಂದಲ್ಲಿ ಲೋಹವು ತೆಳುವಾಗಿದೆ ಎಂದು ತಿಳಿಯಬೇಕು.

(ಆ) ಸ್ಪ್ರಿಂಗ್ ಆಧಾರಗಳು: ಲೀಫ್ ಸ್ಪ್ರಿಂಗ್‌ಗಳನ್ನು ಚಾಸಿಸ್‌ಗೆ ಜೋಡಿಸುವ ಆಧಾರಗಳು, ವಿಶೇಷವಾಗಿ ಹಿಂಬದಿಯ ಚಕ್ರಗಳ ಸಮೀಪದವು, ಚಕ್ರವು ಚಿಮ್ಮಿಸುವ ಕೆಸರಿಗೆ ನೇರವಾಗಿ ಒಡ್ಡಿಕೊಂಡಿರುತ್ತವೆ. ಇಲ್ಲಿ ಬಿರುಕು, ರಂಧ್ರ ಅಥವಾ ಹೊಸ ವೆಲ್ಡಿಂಗ್ ಕಂಡುಬಂದಲ್ಲಿ ಅನುಭವಿ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬಾರದು.

(ಇ) ಬಾಡಿಯ ಕೂರಿಕೆಗಳು: ಬಾಡಿಯನ್ನು ಚಾಸಿಸ್‌ಗೆ ಬಿಗಿಯುವ ಬೋಲ್ಟ್‌ಗಳ ಸುತ್ತಲಿನ ತಗಡು ಮತ್ತು ರಬ್ಬರ್ ಬಿಲ್ಲೆಗಳನ್ನು ನೋಡಬೇಕು. ಈ ತಗಡು ಕೆಟ್ಟಿದ್ದಲ್ಲಿ ಬಾಡಿಯು ತಗ್ಗಿ, ಬಾಗಿಲುಗಳು ಸರಿಯಾಗಿ ಕೂರುವುದಿಲ್ಲ.

(ಈ) ನೆಲಹಾಸು: ಮ್ಯಾಟ್‌ಗಳನ್ನು ಪೂರ್ಣವಾಗಿ ಎತ್ತಿಸಿ ನೋಡತಕ್ಕದ್ದು. ಚಾಲಕನ ಕಾಲಿನ ಕೆಳಗೆ, ಆಸನದ ಬೋಲ್ಟ್‌ಗಳ ಸುತ್ತ ಹಾಗೂ ಸೀಟ್ ಬೆಲ್ಟ್ ಬಿಗಿದ ಜಾಗಗಳಲ್ಲಿ ಸ್ಕ್ರೂಡ್ರೈವರ್‌ನಿಂದ ಒತ್ತಿ ಪರೀಕ್ಷಿಸಬೇಕು. ಸೀಟ್ ಬೆಲ್ಟ್ ಬಿಗಿದ ತಗಡು ಗಟ್ಟಿಯಾಗಿಲ್ಲದಿದ್ದರೆ ಅಪಘಾತದ ವೇಳೆ ಬೆಲ್ಟ್ ಇದ್ದೂ ಪ್ರಯೋಜನವಾಗದು.

(ಉ) ಗಾಜಿನ ಚೌಕಟ್ಟು ಮತ್ತು ಚಕ್ರದ ಮೇಲ್ಭಾಗ: ಮುಂಭಾಗದ ಗಾಜಿನ ಚೌಕಟ್ಟಿನ ಕೆಳಮೂಲೆಗಳಲ್ಲಿ ರಬ್ಬರ್ ಒಣಗಿ ನೀರು ಇಳಿಯುತ್ತದೆ. ಬಾಗಿಲುಗಳ ಕೆಳ ಅಂಚು ಮತ್ತು ಚಕ್ರದ ಮೇಲಿನ ಕಮಾನುಗಳಲ್ಲಿ ಆಯಸ್ಕಾಂತವನ್ನು ಹಿಡಿದು ನೋಡಬೇಕು. ಆಯಸ್ಕಾಂತ ಅಂಟದಿದ್ದಲ್ಲಿ ಅಲ್ಲಿ ತಗಡಿನ ಬದಲು ಪುಟ್ಟಿ ತುಂಬಿದೆ ಎಂದು ಅರ್ಥ. ಕೆಲವು ವಾಹನಗಳಿಗೆ ಫೈಬರ್ ಭಾಗಗಳನ್ನು ಅಳವಡಿಸಿರುವುದರಿಂದ ಮಾರಾಟಗಾರರಿಂದ ವಿವರಣೆ ಪಡೆಯಬೇಕು.

(ಊ) ಬ್ರೇಕ್ ಮತ್ತು ಇಂಧನ ಕೊಳವೆಗಳು: ಚಾಸಿಸ್ ಉದ್ದಕ್ಕೂ ಸಾಗುವ ಉಕ್ಕಿನ ಬ್ರೇಕ್ ಕೊಳವೆಗಳನ್ನು ಕ್ಲಿಪ್‌ಗಳ ಬಳಿ ಒರೆಸಿ ನೋಡಬೇಕು. ಹಳೆಯ ಜೀಪ್‌ಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕ್‌ಗಳು ಒಂದೇ ಸುತ್ತಿನಲ್ಲಿರುವುದರಿಂದ, ಎಲ್ಲಿಯೇ ಒಂದು ಕೊಳವೆ ಒಡೆದರೂ ಕಾಲಿನ ಬ್ರೇಕ್ ಸಂಪೂರ್ಣ ನಿಷ್ಕ್ರಿಯವಾಗುತ್ತದೆ. ಇಂಧನ ಟ್ಯಾಂಕ್‌ನ ಒಳಗಿನ ತುಕ್ಕು ಫಿಲ್ಟರ್ ಕಟ್ಟಿಸಿ, ಏರುದಾರಿಯಲ್ಲಿ ಎಂಜಿನ್ ನಿಲ್ಲುವಂತೆ ಮಾಡುತ್ತದೆ.

6. ನಾಲ್ಕು ಚಕ್ರ ಚಾಲನಾ ವ್ಯವಸ್ಥೆಯ ಪರೀಕ್ಷೆ

ಈ ವಾಹನಗಳಲ್ಲಿ ಅಗತ್ಯವಿದ್ದಾಗ ಮಾತ್ರ ಮುಂದಿನ ಚಕ್ರಗಳಿಗೆ ಬಲ ಒದಗಿಸುವ ವ್ಯವಸ್ಥೆ ಇರುತ್ತದೆ. ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಒಣಗಿದ ಡಾಂಬರು ರಸ್ತೆಯಲ್ಲಿ ಈ ಪರೀಕ್ಷೆ ನಡೆಸಬಾರದು. ಹಾಗೆ ಮಾಡಿದಲ್ಲಿ ಗೇರ್‌ಗಳ ಮೇಲೆ ಅತಿಯಾದ ಒತ್ತಡ ಬೀಳುತ್ತದೆ. ಮಣ್ಣು ಅಥವಾ ಜಲ್ಲಿ ನೆಲದಲ್ಲಿ, ಮುಂಚಕ್ರಗಳ ಹಬ್‌ಗಳನ್ನು ಕೈಯಿಂದ ಜೋಡಿಸುವ ವ್ಯವಸ್ಥೆ ಇದ್ದಲ್ಲಿ ಮೊದಲು ಅವುಗಳನ್ನು ಜೋಡಿಸಿ, ಅನಂತರ ಹೈ ಮತ್ತು ಲೋ ಎರಡೂ ಸ್ಥಾನಗಳಲ್ಲಿ ವಾಹನವನ್ನು ನಿಧಾನವಾಗಿ ಚಲಾಯಿಸಬೇಕು. ವರ್ಷಗಟ್ಟಲೆ ಬಳಸದೆ ಬಿಟ್ಟ ಸನ್ನೆಕೋಲು ಮತ್ತು ಹಬ್‌ಗಳು ತುಕ್ಕಿನಿಂದ ಬಿಗಿದುಕೊಂಡಿರುವುದು ಸಾಮಾನ್ಯ.

ಮುಂದಿನ ಚಕ್ರಗಳ ಒಳಬದಿಯಲ್ಲಿರುವ ಗುಂಡನೆಯ ಮುಚ್ಚಿದ ಕೀಲುಗಳನ್ನು ಗಮನಿಸಬೇಕು. ಸೀಲ್ ಹರಿದಿದ್ದಲ್ಲಿ ಗ್ರೀಸ್ ಹೊರಬಂದು, ಹೊಳೆ ದಾಟುವಾಗ ನೀರು ಒಳಸೇರಿ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಆಗ ಸ್ಟಿಯರಿಂಗ್ ಬಿಗಿಯಾಗುತ್ತದೆ ಅಥವಾ ವೇಗದಲ್ಲಿ ಮುಂಚಕ್ರಗಳು ನಡುಗುತ್ತವೆ. ಆಕ್ಸಲ್ ಎಣ್ಣೆಯು ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದಲ್ಲಿ ನೀರು ಸೇರಿರುವುದು ಖಚಿತ.

7. ಖರೀದಿಯ ಬಗ್ಗೆ ತೀರ್ಮಾನ

ಕಂಡುಬಂದ ತುಕ್ಕನ್ನು ಮೂರು ವಿಧವಾಗಿ ವಿಂಗಡಿಸಿ ನೋಡಿದಲ್ಲಿ ತೀರ್ಮಾನ ಸುಲಭವಾಗುತ್ತದೆ.

ಮೇಲ್ಪದರದ ತುಕ್ಕು: ಉಜ್ಜಿದಾಗ ಗಟ್ಟಿ ಲೋಹ ಕಾಣುತ್ತದೆ. ಇದರಿಂದ ಖರೀದಿಗೆ ಅಡ್ಡಿಯಿಲ್ಲ.

ಬಾಡಿಯ ತಗಡಿನ ರಂಧ್ರಗಳು: ಟಿಂಕರಿಂಗ್ ಮಾಡಿಸಿ ಹೊಸ ತಗಡು ಜೋಡಿಸಬಹುದು. ಒಂದು ರಂಧ್ರ ಕಂಡಲ್ಲಿ ಅದರ ಸುತ್ತ ಇನ್ನೂ ಹೆಚ್ಚು ತಗಡು ತೆಳುವಾಗಿರುವುದರಿಂದ, ಅಂದಾಜು ವೆಚ್ಚವನ್ನು ಮೊದಲೇ ಲಿಖಿತವಾಗಿ ಪಡೆದು ಬೆಲೆಯಲ್ಲಿ ಕಡಿತ ಕೇಳುವುದು ಸೂಕ್ತ.

ಚಾಸಿಸ್, ಸ್ಪ್ರಿಂಗ್ ಆಧಾರ ಅಥವಾ ಸ್ಟಿಯರಿಂಗ್ ಪೆಟ್ಟಿಗೆ ಬಿಗಿದ ಭಾಗದ ತುಕ್ಕು: ತಗಡಿನ ತುಂಡನ್ನು ಮೇಲೆ ಅಂಟಿಸಿದಂತೆ ಮಾಡುವ ವೆಲ್ಡಿಂಗ್ ಸುರಕ್ಷಿತವಲ್ಲ. ಕೆಟ್ಟ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ಉಕ್ಕನ್ನು ನುರಿತವರಿಂದ ಜೋಡಿಸಬೇಕಾಗುತ್ತದೆ. ಇಂತಹ ದೋಷವು ಹಲವು ಕಡೆ ಇದ್ದಲ್ಲಿ, ಬೆಲೆ ಎಷ್ಟೇ ಕಡಿಮೆಯಿದ್ದರೂ ಖರೀದಿಯನ್ನು ಕೈಬಿಡುವುದೇ ಲೇಸು.

8. ಚಾಸಿಸ್ ಸಂಖ್ಯೆಯ ಬಗ್ಗೆ ಎಚ್ಚರಿಕೆ

ಕಾರ್ಖಾನೆಯಲ್ಲಿ ಒತ್ತಿದ ಚಾಸಿಸ್ ಹಾಗೂ ಎಂಜಿನ್ ಸಂಖ್ಯೆಗಳು ನೋಂದಣಿ ಪ್ರಮಾಣಪತ್ರದೊಡನೆ ಅಕ್ಷರಶಃ ಹೊಂದಿಕೆಯಾಗಬೇಕು. ವಾಹನದ ತಪಾಸಣೆಯಲ್ಲಿ ಇವುಗಳ ಪೆನ್ಸಿಲ್ ಅಚ್ಚನ್ನು ತೆಗೆದು ಹೋಲಿಸುವ ಕ್ರಮವಿದೆ. ತುಕ್ಕು ಈ ಅಂಕಿಗಳನ್ನೇ ತಿಂದುಹಾಕಿದ್ದಲ್ಲಿ ವಾಹನವು ಗಟ್ಟಿಯಾಗಿದ್ದರೂ ವರ್ಗಾವಣೆ ಮತ್ತು ನವೀಕರಣಕ್ಕೆ ತೊಡಕಾಗುತ್ತದೆ. ಸಂಖ್ಯೆಯಿರುವ ಜಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಮತ್ತು ಮೃದುವಾದ ಬ್ರಷ್‌ನಿಂದ ಮಾತ್ರ ಸ್ವಚ್ಛಗೊಳಿಸಬೇಕು. ಗ್ರೈಂಡರ್ ಹಿಡಿದಲ್ಲಿ ಅಂಕಿಗಳನ್ನು ತಿದ್ದಲಾಗಿದೆ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ಸಂಖ್ಯೆ ಓದಲು ಬಾರದ ವಾಹನಕ್ಕೆ ಮುಂಗಡ ಹಣ ಕೊಡುವ ಮೊದಲು ನೋಂದಣಿ ಪ್ರಾಧಿಕಾರವನ್ನು ವಿಚಾರಿಸತಕ್ಕದ್ದು.

9. ಪರಿಶೀಲಿಸಬೇಕಾದ ದಾಖಲೆಗಳು

(ಅ) ನೋಂದಣಿಯ ಅವಧಿ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರಂತೆ ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳ ಅವಧಿಗೆ ಊರ್ಜಿತವಾಗಿರುತ್ತದೆ. ಅನಂತರ ತಪಾಸಣೆಗೆ ಒಳಪಡಿಸಿ, ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, 5 ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. 15 ವರ್ಷ ಮೀರಿದ ವಾಹನಗಳ ನವೀಕರಣ ಶುಲ್ಕವು 2022ರ ಏಪ್ರಿಲ್ 1ರಿಂದ ಗಣನೀಯವಾಗಿ ಏರಿದೆ. ಈ ಶುಲ್ಕ, ಹಸಿರು ತೆರಿಗೆ ಹಾಗೂ ವಿಳಂಬದ ಮೊತ್ತವನ್ನು ಯಾರು ಭರಿಸಬೇಕೆಂಬುದನ್ನು ಮಾರಾಟಗಾರರೊಡನೆ ಮೊದಲೇ ತೀರ್ಮಾನಿಸಿಕೊಳ್ಳುವುದು ಒಳಿತು.

(ಆ) ಮಾಲೀಕತ್ವದ ವರ್ಗಾವಣೆ: ನಮೂನೆ 29 ಮತ್ತು 30ರಲ್ಲಿ ಸಹಿ ಪಡೆಯಬೇಕು. ಕಲಂ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ನೋಂದಾಯಿತ ಮಾಲೀಕರು ಮೃತಪಟ್ಟಿದ್ದಲ್ಲಿ, ಮೊದಲು ವಾರಸುದಾರರ ಹೆಸರಿಗೆ ನಮೂನೆ 31ರ ಮೂಲಕ ವರ್ಗಾವಣೆಯಾಗಬೇಕು. ಹಳೆಯ ಜೀಪ್‌ಗಳು ತಂದೆ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಸಂದರ್ಭಗಳಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸಬೇಕು.

(ಇ) ಸಾಲ: ಪ್ರಮಾಣಪತ್ರದಲ್ಲಿ ಸಾಲದ ನಮೂದು ಇದ್ದಲ್ಲಿ, ಸಾಲ ತೀರಿದ್ದರೂ ನಮೂನೆ 35ರ ಮೂಲಕ ಅದನ್ನು ರದ್ದುಪಡಿಸಬೇಕು.

(ಈ) ಹೊರರಾಜ್ಯದ ವಾಹನ: ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಕರ್ನಾಟಕದಲ್ಲಿ ಮರುನೋಂದಣಿಯ ವೇಳೆ ವಾಹನದ ವಯಸ್ಸಿಗೆ ಅನುಗುಣವಾಗಿ ಆಜೀವ ತೆರಿಗೆ ಪಾವತಿಸಬೇಕಾಗುತ್ತದೆ.

(ಉ) ಸೇನಾ ಹರಾಜಿನ ವಾಹನ: ಹರಾಜು ಹಾಗೂ ಬಿಡುಗಡೆಯ ಮೂಲ ಪತ್ರಗಳಿಲ್ಲದೆ, ಕೇವಲ ಮಾರಾಟದ ರಸೀದಿಯ ಆಧಾರದಲ್ಲಿ ಖರೀದಿಸಬಾರದು.

(ಊ) ವಾಹನದ ವರ್ಗ: ಖಾಸಗಿ ವಾಹನವೆಂದು ನೋಂದಣಿಯಾದ ಜೀಪ್‌ನಲ್ಲಿ ಬಾಡಿಗೆಗೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಪ್ರವಾಸಿ ತಾಣಗಳಲ್ಲಿ ಬಾಡಿಗೆಗೆ ಓಡಿಸುವ ಉದ್ದೇಶವಿದ್ದಲ್ಲಿ ಸಾರಿಗೆ ವಾಹನದ ನೋಂದಣಿ, ಅರ್ಹತಾ ಪತ್ರ ಮತ್ತು ಪರವಾನಗಿ ಅಗತ್ಯವಾಗಿರುತ್ತವೆ.

(ಋ) ಇತರೆ: ಮೂರನೆಯ ವ್ಯಕ್ತಿ ವಿಮೆ ಕಡ್ಡಾಯ. ಮಾಲಿನ್ಯ ತಪಾಸಣಾ ಪತ್ರ ಚಾಲ್ತಿಯಲ್ಲಿರಬೇಕು. 2019ರ ಏಪ್ರಿಲ್ 1ಕ್ಕೂ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸುವುದು ಅಗತ್ಯವಾಗಿದೆ.

10. ಮಾರ್ಪಾಡುಗಳು

ಪೆಟ್ರೋಲ್ ಜೀಪ್‌ಗೆ ಬೇರೆ ಡೀಸೆಲ್ ಎಂಜಿನ್, ಉದ್ದಗೊಳಿಸಿದ ಬಾಡಿ, ದೊಡ್ಡ ಚಕ್ರಗಳು ಮುಂತಾದ ಮಾರ್ಪಾಡುಗಳು ಹಳೆಯ ವಾಹನಗಳಲ್ಲಿ ಸಾಮಾನ್ಯ. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಕಲಂ 52 ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ನೋಂದಣಿ ಪ್ರಮಾಣಪತ್ರದಲ್ಲಿ ದಾಖಲಾಗದ ಮಾರ್ಪಾಡು ಇರುವ ವಾಹನವನ್ನು ಕೊಂಡಲ್ಲಿ, ನವೀಕರಣದ ತಪಾಸಣೆಯ ತೊಂದರೆ ಹಾಗೂ ವಿಮಾ ಪರಿಹಾರದ ವಿವಾದಗಳು ಹೊಸ ಮಾಲೀಕರ ಪಾಲಿಗೆ ಬರುತ್ತವೆ.

11. 50 ವರ್ಷ ಮೀರಿದ ವಾಹನಗಳು

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಹಾಗೂ ಮೂಲ ಸ್ವರೂಪದಲ್ಲಿಯೇ ಉಳಿಸಿಕೊಂಡ ವಾಣಿಜ್ಯೇತರ ದ್ವಿಚಕ್ರ ಮತ್ತು ನಾಲ್ಕು ಚಕ್ರ ವಾಹನಗಳನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದಾಗಿದೆ. ಹೊಸ ನೋಂದಣಿಗೆ ರೂ. 20,000 ಹಾಗೂ ಮರುನೋಂದಣಿಗೆ ರೂ. 5,000 ಶುಲ್ಕ ನಿಗದಿಯಾಗಿದ್ದು, ನೋಂದಣಿಯ ಅವಧಿ 10 ವರ್ಷಗಳು. ಇಂತಹ ವಾಹನಗಳನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಭರ್ತಿ ಮತ್ತು ನಿರ್ವಹಣೆಗಾಗಿ ಮಾತ್ರ ರಸ್ತೆಗಿಳಿಸಬಹುದು. ತೋಟದ ದಿನನಿತ್ಯದ ಕೆಲಸಕ್ಕೆ ಜೀಪ್ ಬೇಕಾದವರಿಗೆ ಈ ನೋಂದಣಿ ಸೂಕ್ತವಲ್ಲ.

12. ಖರೀದಿಯ ನಂತರ ತುಕ್ಕು ತಡೆಯುವ ಕ್ರಮಗಳು

(ಅ) ಮಳೆಗಾಲಕ್ಕೆ ಮುನ್ನ, ಮೇ ತಿಂಗಳಿನ ಒಣ ಹವೆಯಲ್ಲಿ ತಳಭಾಗವನ್ನು ತೊಳೆಸಿ ಪೂರ್ಣವಾಗಿ ಒಣಗಿಸಬೇಕು. ತಂತಿ ಬ್ರಷ್‌ನಿಂದ ತುಕ್ಕನ್ನು ತೆಗೆದು, ಫಾಸ್ಫಾರಿಕ್ ಆಮ್ಲದ ಅಂಶವಿರುವ ತುಕ್ಕು ನಿವಾರಕ ಬಳಸಿ, ಪ್ರೈಮರ್ ಬಳಿದು, ಅದರ ಮೇಲೆ ಬಣ್ಣ ಅಥವಾ ತಳ ಲೇಪನ ಹಾಕಬೇಕು. ಈ ಅನುಕ್ರಮವನ್ನು ಬದಲಿಸಬಾರದು.

(ಆ) ಚಾಸಿಸ್ ತೊಲೆಯ ಒಳಭಾಗಕ್ಕೆ ರಂಧ್ರಗಳ ಮೂಲಕ ಮೇಣದಂತಹ ರಕ್ಷಕ ದ್ರವವನ್ನು ಸಿಂಪಡಿಸಬೇಕು. ನೀರು ಹರಿದುಹೋಗುವ ರಂಧ್ರಗಳನ್ನು ಲೇಪನದಿಂದ ಮುಚ್ಚಬಾರದು.

(ಇ) ಗೊಬ್ಬರ, ಮೈಲುತುತ್ತ ಅಥವಾ ಮೀನು ಸಾಗಿಸಿದ ದಿನವೇ ಸಿಹಿನೀರಿನಲ್ಲಿ ತೊಳೆಯಬೇಕು. ಸಮುದ್ರದ ಮರಳಿನ ಮೇಲೆ ಓಡಿಸಿದಾಗಲೂ ಇದೇ ಕ್ರಮ ಅನುಸರಿಸಬೇಕು.

(ಈ) ವಾಹನವನ್ನು ಸೂರಿನಡಿ, ಗಾಳಿಯಾಡುವ ಕಡೆ ನಿಲ್ಲಿಸಬೇಕು. ಮ್ಯಾಟ್‌ಗಳು ಒದ್ದೆಯಾದಲ್ಲಿ ಅದೇ ದಿನ ಎತ್ತಿ ಒಣಗಿಸಬೇಕು.

(ಉ) ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಸಮೀಪದಲ್ಲಿರುವ ಇಂಧನ ಟ್ಯಾಂಕ್ ಅನ್ನು ಬಿಚ್ಚಿಸಿ ದೂರವಿಡಬೇಕು. ಖಾಲಿ ಟ್ಯಾಂಕ್‌ನಲ್ಲಿ ಉಳಿದ ಆವಿಯೂ ಸ್ಫೋಟಕ್ಕೆ ಕಾರಣವಾಗಬಹುದು.

(ಊ) ವರ್ಷಕ್ಕೊಮ್ಮೆ ಬ್ರೇಕ್ ಕೊಳವೆಗಳನ್ನು ಪರೀಕ್ಷಿಸಿ, ಗುಳಿ ಬಿದ್ದವನ್ನು ಕೂಡಲೇ ಬದಲಿಸಬೇಕು.

13. ಸಾರಾಂಶ

ಬಣ್ಣ, ಆಸನ ಮತ್ತು ಟೈರ್‌ಗಳ ಹೊಸತನವು ಹಳೆಯ ಜೀಪ್‌ನ ಯೋಗ್ಯತೆಯನ್ನು ತಿಳಿಸುವುದಿಲ್ಲ. ಗಟ್ಟಿಯಾದ ಚಾಸಿಸ್, ಓದಲು ಬರುವ ಸಂಖ್ಯೆ, ಚಾಲ್ತಿಯಲ್ಲಿರುವ ನೋಂದಣಿ ಹಾಗೂ ದಾಖಲಾದ ಮಾಲೀಕರ ಸಹಿ, ಈ ನಾಲ್ಕೂ ಇದ್ದಲ್ಲಿ ಉಳಿದ ದೋಷಗಳನ್ನು ಕಾಲಕ್ರಮದಲ್ಲಿ ಸರಿಪಡಿಸಿಕೊಳ್ಳಬಹುದು. ಇವುಗಳಲ್ಲಿ ಯಾವುದೇ ಒಂದು ಇಲ್ಲದಿದ್ದಲ್ಲಿ, ಅದು ಸರಿಯಾಗುವವರೆಗೆ ಹಣ ಪಾವತಿಸದಿರುವುದು ಕ್ಷೇಮ. ದುರಸ್ತಿಗೆ ಮೀರಿದ ವಾಹನವನ್ನು ರಸ್ತೆಗೆ ಇಳಿಸುವ ಬದಲು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ನೋಂದಣಿಯನ್ನು ರದ್ದುಪಡಿಸಿಕೊಳ್ಳಲು ಅವಕಾಶವಿದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿಯ ವೇಳೆಯಲ್ಲಿ ಸಂಪರ್ಕಿಸಬಹುದು.